ಲುಂಬಿನಿ ಕಂಬದ ಮುಂದೆ ಅವ್ವ ಕೇಳಿದ ಪ್ರಶ್ನೆ



ಸ್ವಲ್ಪ ಉದ್ದ ಆಯ್ತು ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಅರ್ಧ ಇತಿಹಾಸ, ಇನ್ನರ್ಧ ನಮ್ಮ ಮನೆ ವಿಷಯ. ನಮ್ಮಂಥವರ ಮಟ್ಟಿಗೆ ಇವೆರಡೂ ಬೇರೆ ಬೇರೆ ಅಲ್ಲ ಅನ್ನೋದು ನನಗೆ ನವೆಂಬರ್ ಕೊನೆ ವಾರದಲ್ಲಿ ಲುಂಬಿನಿಯಲ್ಲಿ ಗೊತ್ತಾಯ್ತು.

ಗೆಜ್ಜಲಗೆರೆಯಿಂದ, ಸುತ್ತಮುತ್ತಲ ಊರುಗಳಿಂದ ಒಂದು 40 ಜನ ಬುದ್ಧನ ಸ್ಥಳಗಳಿಗೆ ಹೊರಟೆವು. ಯಶವಂತಪುರದಲ್ಲಿ ರೈಲು ಹತ್ತಿ ಗೋರಖಪುರ, ಅಲ್ಲಿಂದ ಬಾಡಿಗೆ ಬಸ್ಸು. ನನ್ನ ಜೊತೆ ನಮ್ಮವ್ವ. ಎಪ್ಪತ್ತು ದಾಟಿದೆ, ಮಂಡಿ ನೋವು, ಆದ್ರೂ ಬಂದೇ ಬರ್ತೀನಿ ಅಂತ ಹಟ. ಆಫೀಸಲ್ಲಿ ರಜೆ ಅರ್ಜಿ ಕೊಟ್ಟಾಗ "ಏನ್ರೀ, ಫಾರಿನ್ ಟ್ರಿಪ್ಪಾ?" ಅಂತ ನಕ್ಕರು. ಹೌದು ಸಾರ್, ಫಾರಿನ್ನೇ ಅಂದೆ. ನೇಪಾಳ ಬೇರೆ ದೇಶ ತಾನೆ? ನಮ್ಮ ವಂಶದಲ್ಲಿ ದೇಶದ ಗಡಿ ದಾಟಿದವರು ನಾನು, ಅವ್ವ ಇಬ್ಬರೇ.

ಫಾರಿನ್ನು ಅನ್ನೋದು ಸೊನೌಲಿಯಲ್ಲಿ ಒಂದು ಕಮಾನು ಅಷ್ಟೇ. ಆ ಕಡೆ ಈ ಕಡೆ ಲಾರಿ ಸಾಲು, ಸೈಕಲ್ ರಿಕ್ಷಾ, ಸೌತೆಕಾಯಿ ಮಾರೋರು. ನಡ್ಕೊಂಡೇ ದಾಟಿದೆವು. ಜೇಬಲ್ಲಿ ವೋಟರ್ ಐಡಿ ಬಿಗಿಯಾಗಿ ಹಿಡ್ಕೊಂಡಿದ್ದೆ, ಯಾರೂ ಕೇಳಲಿಲ್ಲ. ಆ ಕಡೆ ಕಾಲಿಟ್ಟರೆ ಗಡಿಯಾರ 15 ನಿಮಿಷ ಮುಂದೆ. "ಇಷ್ಟೇನೇನ್ಲಾ ಹೊರದೇಶ? ನಮ್ಮೂರಲ್ಲಿ ಕೇರಿಯಿಂದ ಊರೊಳಕ್ಕೆ ಹೋಗಕ್ಕೇ ಇದಕ್ಕಿಂತ ಜಾಸ್ತಿ ಕೇಳೋರು" ಅಂದ್ಲು ಅವ್ವ. ಬಸ್ಸಲ್ಲಿ ಎಲ್ಲರೂ ನಕ್ಕರು. ನಗು ಸ್ವಲ್ಪ ಹೊತ್ತಿಗೆ ನಿಂತೂಹೋಯ್ತು, ಯಾಕೆ ಅಂತ ನಿಮಗೆ ಗೊತ್ತು.

ಸೊನೌಲಿಯಿಂದ ಲುಂಬಿನಿಗೆ ಸುಮಾರು 25 ಕಿಲೋಮೀಟರು. ದಾರಿ ಉದ್ದಕ್ಕೂ ಭತ್ತ ಕುಯ್ದ ಗದ್ದೆ, ಹುಲ್ಲು ಬಣವೆ, ಎಮ್ಮೆ, ಮಂಜು. ಕಬ್ಬು ಒಂದನ್ನು ಇನ್ನೂ ಜಾಸ್ತಿ ಹಾಕಿದ್ರೆ ನಮ್ಮ ವಿಶ್ವೇಶ್ವರಯ್ಯ ನಾಲೆ ಬಯಲೇ ಅನ್ನಿಸೋದು.

ಲುಂಬಿನಿ ಅಂದ್ರೆ ನಾನು ಒಂದು ದೊಡ್ಡ ದೇವಸ್ಥಾನದ ಥರ ಇರುತ್ತೆ ಅಂದ್ಕೊಂಡಿದ್ದೆ. ಹಾಗಿಲ್ಲ. ಅದೊಂದು ವಿಶಾಲವಾದ ತೋಟ. ನಡುವೆ ಉದ್ದಕ್ಕೆ ಕಾಲುವೆ, ಅದರ ಎರಡೂ ಕಡೆ ಬೇರೆ ಬೇರೆ ದೇಶದವರು ಕಟ್ಟಿರೋ ವಿಹಾರಗಳು. ಬರ್ಮಾದವರಾದ ಯು ಥಾಂಟ್ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದಾಗ 1967ರಲ್ಲಿ ಇಲ್ಲಿಗೆ ಬಂದಿದ್ದರು. ಈ ಜಾಗದ ಸ್ಥಿತಿ ನೋಡಿ ನೊಂದುಕೊಂಡು, ಪ್ರಪಂಚದ ಗಮನ ಇದರ ಕಡೆ ತಿರುಗಿಸಿದರು. ಆಮೇಲೆ ಜಪಾನಿನ ವಾಸ್ತುಶಿಲ್ಪಿ ಕೆಂಜೋ ಟಾಂಗೆ 1978ರಲ್ಲಿ ನಕ್ಷೆ ಕೊಟ್ಟರು. 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಒಳ ಆವರಣಕ್ಕೆ ಹೋಗೋ ಮುಂಚೆ ಚಪ್ಪಲಿ ಬಿಡಬೇಕು. ಚಳಿಗೆ ನೆಲ ಐಸಾಗಿತ್ತು. ಮುಂದೆ ಒಂದು ಬಿಳಿ ಕಟ್ಟಡ, ಅದೇ ಮಾಯಾದೇವಿ ಮಂದಿರ. ಹೆಸರಿಗೆ ಮಂದಿರ. ನಿಜವಾಗಿ ಅದು ಅಗೆದ ಗುಂಡಿಗಳ ಮೇಲೆ ಹೊದಿಸಿರೋ ಚಾವಣಿ. ಒಳಗೆ ಹಳೇ ಇಟ್ಟಿಗೆ ಗೋಡೆಗಳ ತಳಪಾಯ, ಸುತ್ತ ನಡೆಯೋಕೆ ಹಲಗೆ ದಾರಿ. ಫೋಟೋ ತೆಗೆಯೋ ಹಾಗಿಲ್ಲ. ಒಂದು ಕಡೆ ಗಾಜಿನ ಕೆಳಗೆ ಒಂದು ಕಲ್ಲು. ಬುದ್ಧ ಹುಟ್ಟಿದ ಜಾಗ ಇದೇ ಅಂತ ಗುರುತಿಗೆ ಇಟ್ಟ ಕಲ್ಲು ಅಂತಾರೆ, 1990ರ ದಶಕದ ಅಗೆತದಲ್ಲಿ ಸಿಕ್ಕಿದ್ದು. ರಾಬಿನ್ ಕನಿಂಗ್‌ಹ್ಯಾಮ್ ಮತ್ತು ಕೋಶ್ ಪ್ರಸಾದ್ ಆಚಾರ್ಯ ಅವರ ತಂಡ ಈ ಇಟ್ಟಿಗೆಗಳ ಕೆಳಗೂ ಅಗೆದು, ಮರದ ಕಂಬಗಳನ್ನು ನೆಟ್ಟಿದ್ದ ಗುಳಿಗಳನ್ನು ಕಂಡಿತು. ನಡುವೆ ಚಾವಣಿ ಇಲ್ಲದ ಖಾಲಿ ಜಾಗ, ಅಲ್ಲಿ ಮರದ ಬೇರಿನ ಗುರುತು. ಇದು ಕ್ರಿ.ಪೂ. ಆರನೇ ಶತಮಾನದ್ದು ಅಂತ 2013ರಲ್ಲಿ ಪ್ರಕಟಿಸಿದರು. ಕಾಲದ ಬಗ್ಗೆ ವಿದ್ವಾಂಸರ ನಡುವೆ ಚರ್ಚೆ ಇದೆ, ಇರಲಿ. ಒಂದು ಮರ, ಅದರ ಸುತ್ತ ಒಂದು ಬೇಲಿ. ದೊಡ್ಡವರು ಇಟ್ಟಿಗೆಯಲ್ಲಿ ಕಟ್ಟೋ ಮುಂಚೆ ಸಣ್ಣವರು ಮರಕ್ಕೆ ಕೈ ಮುಗಿದಿರ್ತಾರೆ. ನಮ್ಮ ಕೇರಿ ಮಾರಮ್ಮನೂ ಮೊದಲು ಬೇವಿನ ಮರದ ಬುಡದಲ್ಲೇ ಇದ್ದದ್ದು.

ಇದನ್ನ ಸುಮ್ನೆ ಹೇಳಲಿಲ್ಲ. ಬುದ್ಧನ ಹೆಸರು ಈ ಜಾಗದಿಂದ ಮರೆಯಾಗಿ ನೂರಾರು ವರ್ಷ ಆದ ಮೇಲೂ ಸುತ್ತಲ ಹಳ್ಳಿಯವರು ಇಲ್ಲಿ ಒಬ್ಬ ಅಮ್ಮನನ್ನು ಪೂಜೆ ಮಾಡ್ತಾನೇ ಇದ್ದರು. ರುಮ್ಮಿನ್‌ದೇಯಿ ಅಂತ ಕರೀತಿದ್ದರು. ಲುಮ್ಮಿನಿ, ರುಮ್ಮಿನ್. ಊರಿನ ಹೆಸರನ್ನ ಹಳ್ಳಿ ಜನರ ಬಾಯಿ ಹೀಗೆ ಉಳಿಸಿತ್ತು. ಈಗಲೂ ಆ ಜಿಲ್ಲೆ ಹೆಸರು ರೂಪಂದೇಹಿ.

ಮಂದಿರದ ಪಕ್ಕದಲ್ಲೇ ಆ ಕಂಬ. ಸುತ್ತ ಕಬ್ಬಿಣದ ಕಟಕಟೆ. ತಲೆ ಮುರಿದಿದೆ. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಏಳನೇ ಶತಮಾನದಲ್ಲಿ ಬಂದಾಗಲೇ ಅದು ಸಿಡಿಲು ಹೊಡೆದು ಮುರಿದಿತ್ತು. ತುದಿಯಲ್ಲಿ ಕುದುರೆ ಇತ್ತು ಅಂತ ಅವನು ಬರೆದಿದ್ದಾನೆ. ಆಮೇಲೆ ಕಂಬದ ಕೆಳಭಾಗ ಮಣ್ಣಲ್ಲಿ ಹೂತುಹೋಯ್ತು, ಬರಹ ಮುಚ್ಚಿಹೋಯ್ತು. 1896ರ ಡಿಸೆಂಬರಿನಲ್ಲಿ ನೇಪಾಳದ ಖಡ್ಗ ಶಂಶೇರ್ ಕಂಬದ ಸುತ್ತ ಅಗೆಸಿದಾಗ ಬ್ರಾಹ್ಮಿ ಅಕ್ಷರದ ಐದು ಸಾಲು ಬೆಳಕಿಗೆ ಬಂತು. ಜೊತೆಗಿದ್ದ ಬ್ರಿಟಿಷ್ ಸರ್ಕಾರದ ಅಧಿಕಾರಿ ಫ್ಯೂರರ್ ಎಂಥ ಆಸಾಮಿ ಅಂದ್ರೆ, ಬುದ್ಧನ ಅವಶೇಷ ಅಂತ ಸುಳ್ಳು ಮೂಳೆಗಳನ್ನು ಬರ್ಮಾದ ಒಬ್ಬ ಭಿಕ್ಷುವಿಗೆ ಸಾಗಿಸಿ ಸಿಕ್ಕಿಬಿದ್ದು, 1898ರಲ್ಲಿ ಕೆಲಸ ಬಿಟ್ಟ. ಕಂಬದ ಬರಹ ಮಾತ್ರ ಅಸಲು.

ನಮ್ಮ ತಂಡದವರೆಲ್ಲ ಕಂಬಕ್ಕೆ ಕೈ ಮುಗಿದು, ತ್ರಿಸರಣ ಹೇಳಿ, ಫೋಟೋ ತಗೊಂಡು ಬೋಧಿ ಮರದ ಕಡೆ ಹೋದರು. ಅವ್ವ ಮಾತ್ರ ಕಟಕಟೆ ಹಿಡ್ಕೊಂಡು ನಿಂತಿದ್ಲು. ಅವಳಿಗೆ ಓದಕ್ಕೆ ಬರಲ್ಲ. ಆದರೆ ಎಲ್ಲಿ ಅಕ್ಷರ ಕಂಡ್ರೂ ಕೇಳ್ತಾಳೆ.

"ಏನ್ಲಾ ಮಗ ಬರ್ದವ್ರೆ ಇದ್ರೊಳ್ಗೆ?"

ಹೋಗೋ ಮುಂಚೆ ಓದ್ಕೊಂಡಿದ್ದೆ, ಹೇಳಿದೆ. ಅಶೋಕ ಪಟ್ಟಕ್ಕೆ ಬಂದು 20 ವರ್ಷ ಆದ ಮೇಲೆ ತಾನೇ ಇಲ್ಲಿಗೆ ಬಂದ, ಪೂಜೆ ಮಾಡಿದ, ಶಾಕ್ಯಮುನಿ ಬುದ್ಧ ಹುಟ್ಟಿದ್ದು ಇಲ್ಲೇ ಅಂತ ಕಂಬ ನಿಲ್ಲಿಸಿದ. ಭಗವಂತ ಇಲ್ಲಿ ಹುಟ್ಟಿದ ಅನ್ನೋ ಕಾರಣಕ್ಕೆ ಲುಂಬಿನಿ ಗ್ರಾಮಕ್ಕೆ ತೆರಿಗೆ ಬಿಟ್ಟ, ಬೆಳೆಯಲ್ಲಿ ಎಂಟನೇ ಒಂದು ಭಾಗ ಮಾತ್ರ ಕೊಟ್ಟರೆ ಸಾಕು ಅಂದ. ಅಷ್ಟೇ ಇರೋದು. ಇದು ಕ್ರಿ.ಪೂ. 249ರ ಸುಮಾರಿನ ಮಾತು.

ನೋಡಿ, ಪ್ರಪಂಚದ ಇಷ್ಟು ದೊಡ್ಡ ಪುಣ್ಯಸ್ಥಳದ ಕಲ್ಲಿನಲ್ಲಿರೋದು ಮಂತ್ರ ಅಲ್ಲ, ಒಂದು ಕಂದಾಯದ ಆದೇಶ. ನಮ್ಮ ಆಫೀಸು ಭಾಷೆಯಲ್ಲಿ ಹೇಳೋದಾದ್ರೆ, "ಓದಲಾಗಿದೆ, ಪ್ರಸ್ತಾವನೆ, ಆದೇಶ" ಮೂರೂ ಇದೆ. ಕಾರಣ ಕೊಟ್ಟಿದ್ದಾನೆ, ಫಲಾನುಭವಿ ಯಾರು ಅಂತ ಹೇಳಿದ್ದಾನೆ, ಪ್ರಮಾಣ ಎಷ್ಟು ಅಂತ ನಮೂದಿಸಿದ್ದಾನೆ. ಇಪ್ಪತ್ತು ವರ್ಷ ಟಿಪ್ಪಣಿ ಹಾಳೆ ಬರೆದ ನನಗೆ ಅದು ತಕ್ಷಣ ಮನಸ್ಸಿಗೆ ಹಿಡೀತು.

ತೆರಿಗೆ ಬಿಟ್ಟ ಅನ್ನೋದಕ್ಕೆ ಅಲ್ಲಿರೋ ಪದ "ಉಬಲಿಕೆ". ಬಲಿ ಅಂದ್ರೆ ಆ ಕಾಲದ ತೆರಿಗೆ, ಅದನ್ನ ಎತ್ತಿಹಾಕಿದ್ದು ಉಬಲಿಕೆ. ಅವ್ವನಿಗೆ ಆ ಪದ ಹೇಳಿದೆ. ಅವಳು ತಟ್ಟನೆ:

"ಉಂಬ್ಳಿ ಅನ್ನು ಮತ್ತೆ! ಊರಿಗೆ ಊರ್ನೇ ಉಂಬ್ಳಿ ಬುಟ್ಟವ್ನೆ."

ಬೇರೆ ಪದ ಕಣವ್ವ, ನಮ್ಮ ಉಂಬಳಿ ಉಣ್ಣೋದ್ರಿಂದ ಬಂದದ್ದು, ಇದು ಬಲಿಯಿಂದ ಬಂದದ್ದು ಅಂದೆ. ಅವಳಿಗೆ ಅದು ಬೇಕಿರಲಿಲ್ಲ. ಒಂದು ಗಳಿಗೆ ಸುಮ್ನಿದ್ದು ಕೇಳಿದ್ಲು:

"ಸರಿ, ಅದುಕ್ಕೆ ಚಾಕ್ರಿ ಯಾವ್ದು?"

ಬಂಧುಗಳೇ, ಈ ಬರಹ ಬರೀತಿರೋದೇ ಈ ಒಂದು ಪ್ರಶ್ನೆಗೋಸ್ಕರ.

ಹಳೇ ಮೈಸೂರು ಸೀಮೆಯಲ್ಲಿ ಹುಟ್ಟಿದ ನಮ್ಮ ಜನಕ್ಕೆ ಉಂಬಳಿ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಈಗಿನ ಹುಡುಗರಿಗಾಗಿ ಹೇಳ್ತೀನಿ. ಪ್ರತಿ ಊರಲ್ಲೂ ಪಟೇಲ, ಶಾನುಭೋಗ ಮೇಲೆ. ಕೆಳಗೆ ತೋಟಿ, ತಳವಾರ, ನೀರಗಂಟಿ. ಇವರಿಗೆ ಸಂಬಳ ಅಂತ ಇಲ್ಲ, ಬದಲಿಗೆ ಒಂದು ತುಂಡು ಜಮೀನು. ಕಂದಾಯ ಇಲ್ಲ, ಇಲ್ಲಾ ಕಮ್ಮಿ. ಹಳೇ ಪಹಣಿಗಳಲ್ಲಿ "ತೋಟಿ ಇನಾಮ್ತಿ" ಅಂತ ಕಾಣುತ್ತಲ್ಲ, ಅದೇ. ಕೇಳಿದ್ರೆ ಚೆಂದ. ಆದರೆ ಆ ಜಮೀನಿನ ಜೊತೆ ಚಾಕರಿ ಅಂಟಿಕೊಂಡಿತ್ತು. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ. ಡಂಗೂರ ಸಾರಬೇಕು, ಸತ್ತ ದನ ಎಳೀಬೇಕು, ಸಾವಿನ ಸುದ್ದಿ ಹೊತ್ಕೊಂಡು ಊರೂರು ಓಡಬೇಕು, ಕಣ ಕಾಯಬೇಕು, ಸಾಹೇಬರು ಬಂದ್ರೆ ಸಾಮಾನು ಹೊರಬೇಕು. ರಾತ್ರಿ ಇಲ್ಲ ಹಗಲಿಲ್ಲ. ಆಗಲ್ಲ ಅಂದ್ರೆ ಜಮೀನು ಹೋಯ್ತು. ಆ ಜಮೀನಿನಲ್ಲಿ ವರ್ಷಕ್ಕೆ ಸಾಕಾಗುವಷ್ಟು ರಾಗಿ ಕೂಡ ಬೆಳೀತಿರಲಿಲ್ಲ.

ನಮ್ಮ ತಾತ ತೋಟಿ. ಶಾನುಭೋಗರ ಲೆಕ್ಕದ ದಫ್ತರದ ಗಂಟನ್ನು ತಲೆ ಮೇಲೆ ಹೊತ್ತು ಮದ್ದೂರಿಗೆ ನಡೀತಿದ್ದ. ಇಡೀ ಊರಿನ ಜಮೀನಿನ ಲೆಕ್ಕ ಅವನ ತಲೆ ಮೇಲಿತ್ತು, ಅದರಲ್ಲಿ ಒಂದಕ್ಷರ ಅವನಿಗೆ ಬರ್ತಿರಲಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರಲ್ಲಿದ್ದ ಮೆಕೆಂಝಿ ಅನ್ನೋ ಬ್ರಿಟಿಷ್ ಅಧಿಕಾರಿ ಒಂದು ಪದ್ಧತಿ ದಾಖಲು ಮಾಡಿದ್ದಾನೆ. ಎರಡು ಊರಿಗೆ ಗಡಿ ಜಗಳ ಬಂದ್ರೆ ತೀರ್ಮಾನ ಹೇಳೋನು ಹೊಲೆಯರ ಕುಳವಾಡಿ. ಊರ ಮಣ್ಣಿನ ಉಂಡೆ ಮಾಡಿ, ಒಳಗೆ ನೀರು ಹಾಕಿ, ಅವನ ತಲೆ ಮೇಲೆ ಇಡ್ತಿದ್ರು. ಅವನು ನಡೆದದ್ದೇ ಗಡಿ. ತಪ್ಪು ದಾರಿ ಹಿಡಿದ್ರೆ ಉಂಡೆ ಒಡೆಯುತ್ತೆ ಅನ್ನೋ ನಂಬಿಕೆ. ಅಂದ್ರೆ ಊರಿನ ಎಲ್ಲೆ ಯಾವುದು ಅಂತ ಸರಿಯಾಗಿ ಗೊತ್ತಿದ್ದೋನು ಅವನೊಬ್ಬನೇ ಅಂತ ಊರೇ ಒಪ್ಕೊಂಡಿತ್ತು. ಆ ಎಲ್ಲೆಯ ಒಳಗೆ ಅವನಿಗೆ ಸ್ವಂತ ಅಂತ ಎಷ್ಟು ಗುಂಟೆ ಇತ್ತು?

ಈ ಚಾಕರಿ ಉಂಬಳಿ ಒಂದು ಬೇಡಿ ಅಂತ ಮೊದಲು ಶಾಸನಸಭೆಯಲ್ಲಿ ನಿಂತು ಹೇಳಿದವರು ಬಾಬಾಸಾಹೇಬರು. ಮುಂಬೈ ಪ್ರಾಂತ್ಯದಲ್ಲಿ ನಮ್ಮ ತೋಟಿ ಇನಾಮ್ತಿಯ ಥರವೇ ಮಹಾರ್ ವತನ ಇತ್ತು. 1874ರ ಅನುವಂಶೀಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಕೋರಿ 1928ರಲ್ಲಿ ಅವರು ಮಸೂದೆ ತಂದರು. ಅಷ್ಟೊತ್ತಿಗೆ ಮಹಾಡ್ ಕೆರೆ ನೀರು ಕುಡಿದು ಒಂದು ವರ್ಷ ಆಗಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಈ ವತನ. ಒಂದು ತುಂಡು ನೆಲ ತೋರಿಸಿ ಇಡೀ ಜಾತಿಯನ್ನ ಬಿಟ್ಟಿ ದುಡಿಸೋದು ನಿಲ್ಲಬೇಕು ಅನ್ನೋದು ಅವರ ವಾದ. ನಮ್ಮಲ್ಲೇ ಕೆಲವರಿಗೆ ಆಗ ಅದು ಇಷ್ಟ ಆಗಲಿಲ್ಲ, ಇರೋ ನೆಲವೂ ಹೋಗುತ್ತೆ ಅನ್ನೋ ಭಯ. ಆ ಮಸೂದೆ ಪಾಸಾಗಲಿಲ್ಲ. ಮುಂಬೈ ರಾಜ್ಯದಲ್ಲಿ ಈ ಕೆಳ ವತನಗಳನ್ನು ರದ್ದು ಮಾಡೋ ಕಾಯ್ದೆ ಬಂದದ್ದು 1958ರಲ್ಲಿ. ಬಾಬಾಸಾಹೇಬರು ಆಗ ಇರಲಿಲ್ಲ.

ನಮ್ಮ ಕಡೆ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದ್ದು, ಜಾರಿಯಾದದ್ದು 1963ರ ಫೆಬ್ರವರಿ 1ಕ್ಕೆ. ಚಾಕರಿ ಹೋಯ್ತು, ಸಂತೋಷ. ಜಮೀನು ಸರ್ಕಾರಕ್ಕೆ ಸೇರಿ, ಹಣ ಕಟ್ಟಿಸಿಕೊಂಡು ಅದೇ ಕುಟುಂಬಕ್ಕೆ ಮರುಮಂಜೂರು ಆಗಬೇಕಿತ್ತು. ಕಾಗದದ ಮೇಲೆ ಎಲ್ಲಾ ಸರಿಯಾಗೇ ಇತ್ತು. ಆದರೆ ಅರ್ಜಿ ಬರೆಯೋಕೆ ಅಕ್ಷರ ಬೇಕು, ಹಣ ಕಟ್ಟೋಕೆ ದುಡ್ಡು ಬೇಕು. ನಮ್ಮಪ್ಪನ ಹತ್ರ ಎರಡೂ ಇರಲಿಲ್ಲ. ಎರಡೂ ಇದ್ದ ಒಬ್ಬರು "ನಾನ್ ಕಟ್ತೀನಿ ಬುಡು, ಒಂದೆರಡು ವರ್ಷ ಗೇಯ್ಕೋತೀನಿ" ಅಂದರು. ಅಪ್ಪ ಹೆಬ್ಬೆಟ್ಟು ಒತ್ತಿದ. ಎರಡು ವರ್ಷ ಮುಗೀಲೇ ಇಲ್ಲ. ಪಹಣಿಯ 12ನೇ ಕಾಲಂನಲ್ಲಿ ಮೊದಲು ಅವರ ಹೆಸರು ಸಾಗುವಳಿದಾರ ಅಂತ ಬಂತು, ಆಮೇಲೆ ಒಂದಿನ 9ನೇ ಕಾಲಂಗೂ ಹಾರ್ತು.

ಮರುಮಂಜೂರಾದ ಜಮೀನನ್ನ ಜಿಲ್ಲಾಧಿಕಾರಿ ಅನುಮತಿ ಇಲ್ಲದೆ ಮಾರಬಾರದು ಅಂತ ಮೊದಲೇ ಇತ್ತು. 1978ರ ತಿದ್ದುಪಡಿಯಲ್ಲಿ 15 ವರ್ಷ ಪರಭಾರೆನೇ ಮಾಡಬಾರದು ಅಂತ ಬಂತು. ಇದು ಗೊತ್ತಾಗಬೇಕಾದವರಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನೀವು ಕೇಳ್ತೀರ, ಪಿಟಿಸಿಎಲ್ ಇದೆಯಲ್ಲ ಅಂತ. ಅದೇ 1978ರಲ್ಲಿ ದೇವರಾಜ ಅರಸರ ಕಾಲದಲ್ಲಿ ಬಂದ ಕಾಯ್ದೆ. ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಬೇರೆಯವರ ಪಾಲಾಗಿದ್ರೆ ವಾಪಸ್ ಕೊಡಿಸೋದು. ಅದಕ್ಕೆ ಕಾಲಮಿತಿ ಅಡ್ಡ ಬಂದಾಗ ನಮ್ಮ ಸಂಘಟನೆಗಳು ತಿಂಗಳುಗಟ್ಟಲೆ ಧರಣಿ ಕೂತು, 2023ರಲ್ಲಿ ತಿದ್ದುಪಡಿ ಮಾಡಿಸಿದ್ವಿ. ಆದರೆ ಆ ಕಾಯ್ದೆಯಲ್ಲಿ "ಮಂಜೂರಾದ ಜಮೀನು" ಅನ್ನೋದರ ವ್ಯಾಖ್ಯೆ ಒಂದು ಸಲ ನಿಧಾನವಾಗಿ ಓದಿ. ಅನುವಂಶೀಯ ಹುದ್ದೆಗಳಿಗೆ ಸಂಬಂಧಪಟ್ಟದ್ದನ್ನು ಬಿಟ್ಟು, ಅಂತ ಇದೆ. ಅಂದ್ರೆ ತೋಟಿ ಇನಾಮ್ತಿ ಅದರೊಳಗೆ ಬರಲ್ಲ. ಅಪ್ಪ, ತಾತ, ಮುತ್ತಾತ ಬೆನ್ನು ಬಗ್ಗಿಸಿ ದುಡಿದು ಉಳಿಸಿಕೊಂಡ ನೆಲಕ್ಕೆ ಆ ರಕ್ಷಣೆ ಇಲ್ಲ. ನಾನು ಬಿಎ ಓದಿ, ಗುಮಾಸ್ತ ಆಗಿ, ಕಡತ ಹಿಡ್ಕೊಂಡು ಅಲೆದು ಇದನ್ನ ತಿಳ್ಕೊಳ್ಳೋ ಹೊತ್ತಿಗೆ ಅಪ್ಪ ಹೋಗಿಬಿಟ್ಟಿದ್ದ.

ಈಗ ಆ ಜಮೀನು ಹೆದ್ದಾರಿಯಿಂದ ಕೂಗಳತೆ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಮಾಡಿದ್ದು ನಮ್ಮ ಗೆಜ್ಜಲಗೆರೆಯಲ್ಲೇ ಅಂತ ನಿಮಗೆಲ್ಲ ನೆನಪಿದೆ. ಅಲ್ಲಿ ಗುಂಟೆ ರೇಟು ಕೇಳಿದ್ರೆ ನನ್ನ ವರ್ಷದ ಸಂಬಳ ನಾಚ್ಕೊಳ್ಳುತ್ತೆ.

ಇದೆಲ್ಲ ಅವ್ವನ ಆ ಒಂದು ಪ್ರಶ್ನೆಯೊಳಗಿತ್ತು. ಕಂದಾಯ ಬಿಟ್ಟ ಅಂದ ತಕ್ಷಣ ಅವಳಿಗೆ ಸಂತೋಷ ಆಗಲಿಲ್ಲ. ಇದಕ್ಕೆ ಬದಲಾಗಿ ಏನು ಕಿತ್ಕೊಂಡ ಅಂತ ಕೇಳಿದ್ಲು. ಬಿಟ್ಟಿ ಕೊಟ್ಟ ನೆಲ ಅವಳು ಎಲ್ಲೂ ಕಂಡಿಲ್ಲ.

ನಾನು ಹೇಳಿದೆ: "ಚಾಕ್ರಿ ಏನೂ ಬರ್ದಿಲ್ಲ ಕಣವ್ವ. ಬುದ್ಧ ಹುಟ್ಟಿದ ಊರು ಅಂತ ಬುಟ್ಟವ್ನೆ, ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಅವಳು ಕಂಬವನ್ನ ಮೇಲಿಂದ ಕೆಳಗೆ ಇನ್ನೊಂದು ಸಲ ನೋಡಿದ್ಲು. ಆಮೇಲೆ ಕೈ ಮುಗಿದ್ಲು. ಅಲ್ಲೀವರೆಗೂ ಮುಗಿದಿರಲಿಲ್ಲ.

ಈಗ ನಮ್ಮ ಮದ್ದೂರು ತಾಲ್ಲೂಕಿನ ಕಲ್ಲಿಗೆ ಬನ್ನಿ. ಆತಕೂರು ಶಾಸನ ಗೊತ್ತಲ್ಲ? ಹತ್ತನೇ ಶತಮಾನದ್ದು, ಈಗ ಬೆಂಗಳೂರು ಮ್ಯೂಸಿಯಂನಲ್ಲಿದೆ. ರಾಷ್ಟ್ರಕೂಟರಿಗೂ ಚೋಳರಿಗೂ 949ರಲ್ಲಿ ತಕ್ಕೋಲದಲ್ಲಿ ಯುದ್ಧ ಆಯ್ತು. ಗಂಗರ ಬೂತುಗ ರಾಷ್ಟ್ರಕೂಟರ ಕಡೆ. ಅವನ ಕಡೆಯ ಮಣಲೆರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದಾಗ ಕಾಳಿ ಅನ್ನೋ ಬೇಟೆ ನಾಯಿ ಕೇಳಿದ. ಆ ನಾಯಿಯನ್ನ ಹಂದಿ ಮೇಲೆ ಬಿಟ್ಟಾಗ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಹಂದಿ ನಾಯಿ ಕಾದಾಡೋದನ್ನ ಕೆತ್ತಿಸಿ, ಆ ಕಲ್ಲಿನ ಪೂಜೆಗೆ ಅಂತ ಭೂಮಿ ಬಿಟ್ಟರು. ಪೂಜೆ ತಪ್ಪಿಸಿದರೆ ಪಾಪ ಅಂತ ಶಾಪನೂ ಬರೆಸಿದರು.

ಆ ನಾಯಿ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ನಿಯತ್ತಿನ ಪ್ರಾಣಿ. ಆದರೆ ಲೆಕ್ಕ ನೋಡಿ. ನಮ್ಮ ತಾಲ್ಲೂಕಿನಲ್ಲಿ ಸಾವಿರ ವರ್ಷದ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತಿದೆ, ಅದರ ಹೆಸರಲ್ಲಿ ಬಿಟ್ಟ ಭೂಮಿ ಗೊತ್ತಿದೆ. ಆ ಭೂಮಿ ಉತ್ತವನ ಹೆಸರು ಗೊತ್ತಿಲ್ಲ. ಊರೂರಲ್ಲೂ ದೇವದಾಯ, ಬ್ರಹ್ಮದಾಯ, ಅಗ್ರಹಾರ ಅಂತ "ಸರ್ವಮಾನ್ಯ"ವಾಗಿ, ಅಂದ್ರೆ ಎಲ್ಲ ತೆರಿಗೆ ಬಿಟ್ಟು, ಬರೆದುಕೊಟ್ಟ ಕಲ್ಲುಗಳಿವೆ. ಅವುಗಳಲ್ಲಿ ಕೇರಿಗೆ ಬಿಟ್ಟದ್ದು ಎಷ್ಟು? ಹುಡುಕಿ ಹೇಳಿ, ನಾನು ಸಂತೋಷವಾಗಿ ಒಪ್ಪಿಕೊಳ್ತೀನಿ.

ಹಾಗಂತ ಅಶೋಕನನ್ನ ದೇವರು ಮಾಡೋದು ಬೇಡ. ಪ್ರಶ್ನೆ ಕೇಳದೆ ನಂಬೋದನ್ನ ಬುದ್ಧನೂ ಹೇಳಿಕೊಡಲಿಲ್ಲ, ಬಾಬಾಸಾಹೇಬರೂ ಹೇಳಿಕೊಡಲಿಲ್ಲ. ಕಳಿಂಗದಲ್ಲಿ ಲಕ್ಷ ಜನ ಸತ್ತರು ಅಂತ ಅವನೇ ಬರೆಸಿದ್ದಾನೆ. ದಾಸರನ್ನು, ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳಿ ಅಂತ ಬಂಡೆ ಮೇಲೆ ಬರೆಸಿದ. ಬಿಡುಗಡೆ ಮಾಡಿ ಅಂತ ಬರೆಸಲಿಲ್ಲ. ಲುಂಬಿನಿಯಲ್ಲೂ ಎಂಟನೇ ಒಂದು ಭಾಗ ಬಿಡಲಿಲ್ಲ. ರಾಜ ರಾಜನೇ. ಆದರೆ ಅವನ ಬಂಡೆಗಳಲ್ಲಿ ಒಂದು ಮಾತಿದೆ, ಅದು ನಮ್ಮ ಕರ್ನಾಟಕದಲ್ಲೇ ಇದೆ, ಅದನ್ನ ಹೇಳದೆ ಮುಗಿಸಲಾರೆ.

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು, ಹತ್ತಿರದಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಸಿಕ್ಕವು. ಅದರಲ್ಲಿ ಹೇಳಿರೋದು ಇಷ್ಟು: ಈ ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗ ಮುಟ್ಟಬಹುದು. ಸ್ವರ್ಗದ ಮೇಲೆ ನನಗೆ ನಂಬಿಕೆ ಇಲ್ಲ. ಆದರೆ ಹುಟ್ಟಿನಿಂದಲೇ ಬಾಗಿಲು ಮುಚ್ಚಿದ್ದ ಕಾಲದಲ್ಲಿ "ಸಣ್ಣವನೂ" ಅಂತ ಸರ್ಕಾರಿ ಆದೇಶದಲ್ಲಿ ಬರೆಸಿದ್ದು ಸಣ್ಣ ಮಾತಲ್ಲ.

ಆ ಶಾಸನದ ಕೊನೆಯಲ್ಲಿ ಅದನ್ನ ಬರೆದವನ ಹೆಸರಿದೆ. ಚಪಡ. ಲಿಪಿಕಾರ. ನಮ್ಮ ಭಾಷೆಯಲ್ಲಿ ಗುಮಾಸ್ತ. ಎಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ಹುದ್ದೆಯನ್ನ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಂದಲೋ ವರ್ಗಾವಣೆ ಆಗಿ ಇಷ್ಟು ದೂರ ಬಂದವನಿರಬೇಕು. ರಾಜನ ಆದೇಶದ ಕೆಳಗೆ ಒಬ್ಬ ಗುಮಾಸ್ತನ ಹೆಸರು ಎರಡು ಸಾವಿರದ ಇನ್ನೂರು ವರ್ಷದಿಂದ ಇದೆ. ದಫ್ತರದ ಗಂಟು ಹೊತ್ತ ತೋಟಿಯ ಮೊಮ್ಮಗ ನಾನು, ಈಗ ಗುಮಾಸ್ತ. ಈ ಚಪಡ ನನಗೆ ಅಶೋಕನಿಗಿಂತ ಹತ್ತಿರದವನು ಅನ್ನಿಸ್ತಾನೆ.

ಇನ್ನು ರಾಯಚೂರಿನ ಮಸ್ಕಿ. 1915ರಲ್ಲಿ ಚಿನ್ನದ ಅದಿರು ಹುಡುಕ್ತಿದ್ದ ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಅಲ್ಲೀವರೆಗೂ ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ" ಅಂತ ಮಾತ್ರ ಇತ್ತು. ಅವನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ ಕಲ್ಲು ನಮ್ಮ ಮಸ್ಕಿಯದು. ಕಲಬುರಗಿ ಜಿಲ್ಲೆಯ ಸನ್ನತಿಯ ಕಥೆ ಅಂತೂ ಕೇಳಲೇಬೇಕು. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದು ವಿಗ್ರಹ ಒಡೀತು. ನೋಡಿದ್ರೆ ವಿಗ್ರಹ ನಿಂತಿದ್ದ ಪೀಠವೇ ಅಶೋಕನ ಶಾಸನದ ಕಲ್ಲು. ನಡುವೆ ತೂತು ಕೊರೆದು, ಅಕ್ಷರ ಹಾಳು ಮಾಡಿ, ಅದರ ಮೇಲೆ ದೇವಿ ನಿಲ್ಲಿಸಿದ್ದರು. ಎಷ್ಟು ನೂರು ವರ್ಷ ಅದರ ಮೇಲೆ ಎಣ್ಣೆ, ಕುಂಕುಮ, ಹಾಲು ಸುರಿದರೋ. ಯಾರೂ ಬಗ್ಗಿ ಓದಲಿಲ್ಲ. ಅಲ್ಲೇ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ, ಹೆಸರು ಬರೆದ ಅಶೋಕನ ಶಿಲ್ಪವೇ ಸಿಕ್ಕಿತು. ರೈಲು ಹತ್ತಿ ನೇಪಾಳಕ್ಕೆ ಹೋದ ನಾವು 40 ಜನರಲ್ಲಿ ಸನ್ನತಿ ನೋಡಿದವರು ಎಷ್ಟು ಅಂತ ಬಸ್ಸಲ್ಲಿ ಕೇಳಿದೆ. ಇಬ್ಬರು. ನಾನು ಆ ಇಬ್ಬರಲ್ಲಿ ಇರಲಿಲ್ಲ.

1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ದೀಕ್ಷೆ ತಗೊಂಡ ಬಾಬಾಸಾಹೇಬರು ಮರುತಿಂಗಳೇ ನೇಪಾಳಕ್ಕೆ ಬಂದರು. ಕಾಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನದಲ್ಲಿ ನವೆಂಬರ್ 20ರಂದು ಬುದ್ಧ ಮತ್ತು ಕಾರ್ಲ್ ಮಾರ್ಕ್ಸ್ ಬಗ್ಗೆ ಮಾತಾಡಿದರು. ನಿಲ್ಲೋಕೆ ಶಕ್ತಿ ಇರಲಿಲ್ಲ, ಆದ್ರೂ ಬಂದರು. ಬಡವನ ಪ್ರಶ್ನೆಗೆ ಬುದ್ಧನಲ್ಲಿ ಉತ್ತರ ಇದೆ ಅಂತ ಪ್ರಪಂಚದ ಮುಂದೆ ಹೇಳೋಕೆ ಬಂದರು. ಅದಾಗಿ 16 ದಿನಕ್ಕೆ, ಡಿಸೆಂಬರ್ 6ಕ್ಕೆ, ಹೋಗಿಬಿಟ್ಟರು. ಅದೇ ತಿಂಗಳಲ್ಲಿ ಅದೇ ದೇಶದ ಮಣ್ಣಲ್ಲಿ ಬರಿಗಾಲಲ್ಲಿ ನಿಂತಾಗ ನನಗೆ ಇದೇ ನೆನಪು.

ವಾಪಸ್ ಬಂದು ಒಂದು ಕೆಲಸ ಶುರು ಮಾಡಿದೀನಿ, ನಿಮ್ಮನ್ನೂ ಕೇಳ್ಕೋತೀನಿ. ನಿಮ್ಮ ಊರಲ್ಲಿ ತೋಟಿ, ತಳವಾರ, ನೀರಗಂಟಿ ಮನೆತನದವರು ಯಾರಿದ್ದಾರೆ, ಅವರ ಇನಾಮ್ತಿ ಸರ್ವೆ ನಂಬರ್ ಯಾವುದು ಅಂತ ಹಿರಿಯರ ಹತ್ರ ಕೂತು ಬರೆದುಕೊಳ್ಳಿ. ಅವರು ಇರೋವಾಗಲೇ. ಆಮೇಲೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಮರುಮಂಜೂರಾತಿ ಆದೇಶ, ಹಳೇ ಕೈಬರಹದ ಪಹಣಿ, ಮ್ಯುಟೇಷನ್ ಮೂರಕ್ಕೂ ನಕಲು ಅರ್ಜಿ ಹಾಕಿ. ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಬರೆಯೋಕೆ ಬರದಿದ್ರೆ ನನಗೆ ಹೇಳಿ, ನಾನು ಬರೆದುಕೊಡ್ತೀನಿ. ಅದೊಂದೇ ನನಗೆ ಬರೋ ವಿದ್ಯೆ. ಎಲ್ಲ ಜಮೀನೂ ವಾಪಸ್ ಬರುತ್ತೆ ಅಂತ ಸುಳ್ಳು ಹೇಳಲ್ಲ. ನ್ಯಾಯಾಲಯದಲ್ಲಿ ಎಷ್ಟೋ ಕೇಸು ನಿಲ್ಲಲ್ಲ. ಆದರೆ ಪಿಟಿಸಿಎಲ್ ವ್ಯಾಖ್ಯೆಯಲ್ಲಿರೋ ಆ ಅರ್ಧ ಸಾಲು ತೆಗೆಯಿರಿ ಅಂತ ಸರ್ಕಾರದ ಮುಂದೆ ಕೂರಬೇಕಾದ್ರೆ ನಮ್ಮ ಕೈಯಲ್ಲಿ ಊರೂರಿನ ಪಟ್ಟಿ ಇರಬೇಕು. ಬರೀ ಘೋಷಣೆ ಸಾಲದು.

ನನ್ನ ಮೊದಲ ನಕಲು ಅರ್ಜಿ ಮೊನ್ನೆ ಸೋಮವಾರ ಹಾಕಿದೆ, ನಮ್ಮ ತಾತನ ಹೆಸರಲ್ಲಿ. ಮನೆಗೆ ಬಂದು ಅವ್ವನಿಗೆ ರಸೀದಿ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ಲು:

"ಏನ್ಲಾ ಬರ್ದವ್ರೆ ಇದ್ರೊಳ್ಗೆ?"

ನಮ್ಮ ತಾತನ ಹೆಸರು ಕಣವ್ವ, ಅಂದೆ.

ಜೈ ಭೀಮ್. ನಮೋ ಬುದ್ಧಾಯ.